ಮುಯ್ಯಿ ಪೆಟ್ಟಿಗೆ: ಹದಿನೇಳು ಮನೆಗೆ ಪುಸ್ತಕ ತಿರುಗಿಸಿದ ನನ್ನ ಅನುಭವ

ಪುಸ್ತಕ ತುಂಬಿದ ಪೆಟ್ಟಿಗೆಯನ್ನು ಮನೆಯಿಂದ ಮನೆಗೆ ತಿರುಗಿಸಲು ಶುರು ಮಾಡಿದ ಮೇಲೆ, ನಾನು ಕೊಟ್ಟ ಪುಸ್ತಕ ವಾಪಸ್ ಬರುತ್ತದೆ. ನೂರಕ್ಕೆ ತೊಂಬತ್ತೈದು ಅಂತ ಧೈರ್ಯವಾಗಿ ಹೇಳುತ್ತೇನೆ. "ಕೊಟ್ಟ ಪುಸ್ತಕ, ಕೊಟ್ಟ ಕೊಡೆ ಎರಡೂ ತಿರುಗಿ ಬರಲ್ಲ" ಅಂತ ನಮ್ಮ ಸಂಬಂಧಿಕರೊಬ್ಬರು ಮೊದಲಿಂದ ಹೇಳುತ್ತಿದ್ದರು. ಹೋದ ವರ್ಷ ಕೊಯ್ಲು ಮುಗಿಯುವ ಹೊತ್ತಿಗೆ ಅವರೇ ಬಂದು, ಪೆಟ್ಟಿಗೆ ನಮ್ಮ ಕಡೆ ಯಾವಾಗ ಬರುತ್ತೆ ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕು, ಹುಲಿಕಲ್ ಘಾಟಿಯ ಹತ್ತಿರ. ಒಂಟಿಮನೆಗಳ ಊರು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಒಂದು ತೋಟ, ಒಂದು ಹಳ್ಳ ದಾಟಬೇಕು. ಮಳೆಯಂತೂ ವಿಪರೀತ.

ಶುರು ಮಾಡಿದ್ದು 2013ರಲ್ಲಿ. ಎಲ್ಲರ ಹಾಗೆ ಜಗಲಿಯಲ್ಲಿ ಕಪಾಟು. ಬಡಗಿಗೆ ಕೊಟ್ಟಿದ್ದು ಒಂಬತ್ತು ಸಾವಿರ ಚಿಲ್ಲರೆ. ಅಪ್ಪನ ಕಾಲದ್ದು, ನಾನು ಕೊಂಡಿದ್ದು ಸೇರಿ ಮುನ್ನೂರು ಪುಸ್ತಕ ಇದ್ದಿರಬೇಕು. ಮೊದಲ ವರ್ಷ ನಲವತ್ತು ಪುಸ್ತಕ ಹೊರಗೆ ಹೋಯಿತು, ಇಪ್ಪತ್ತಾರು ಬರಲಿಲ್ಲ. ಎರಡನೇ ವರ್ಷ ರಿಜಿಸ್ಟರ್ ಇಟ್ಟೆ, ದಿನಕ್ಕೆ ಒಂದು ರೂಪಾಯಿ ದಂಡ ಅಂತ ಬರೆದು ಅಂಟಿಸಿದೆ. ಅದು ನಾನು ಮಾಡಿದ ದೊಡ್ಡ ತಪ್ಪು. ದಂಡ ಯಾರೂ ಕಟ್ಟಲಿಲ್ಲ. ಪುಸ್ತಕ ಉಳಿಸಿಕೊಂಡವರು ನಾಚಿಕೆಯಿಂದ ನಮ್ಮ ಮನೆ ದಾರಿಯನ್ನೇ ಬಿಟ್ಟರು. ಸಂಜೆ ಕಾಫಿಗೆ ಬರುತ್ತಿದ್ದವರು ಬೇಲಿಯಾಚೆಯಿಂದಲೇ ಹೋಗತೊಡಗಿದರು. ಪುಸ್ತಕ ಹೋದದ್ದನ್ನು ತಡೆದುಕೊಂಡೆ, ಜನ ಹೋದದ್ದನ್ನು ತಡೆಯಲಾಗಲಿಲ್ಲ. ರಿಜಿಸ್ಟರ್ ಹರಿದು ಒಲೆಗೆ ಹಾಕಿದೆ.

ಆಮೇಲೆ ಬಸ್ ತಂಗುದಾಣದಲ್ಲಿ ಒಂದು ಮರದ ಡಬ್ಬ. ಬೇಕಾದವರು ತಗೊಳ್ಳಲಿ ಅಂತ. ಹನ್ನೊಂದು ನೂರು ಖರ್ಚು. ಜೂನ್ ಕೊನೆಯ ಆರಿದ್ರೆ ಮಳೆಯ ಇರಚಲಿಗೆ ಒದ್ದೆಯಾಯಿತು. ಅದರ ಮುಂದಿನ ಪುನರ್ವಸು ಮಳೆ ಹೊತ್ತಿಗೆ ಗೆದ್ದಲು.

ದಾರಿ ಹೊಳೆದದ್ದು ಅಡಿಕೆ ಸುಲಿಯುವ ರಾತ್ರಿ. ನಮ್ಮಲ್ಲಿ ಮುಯ್ಯಾಳು, ಅಂದರೆ ಕೂಲಿಯಿಲ್ಲದೆ ಒಬ್ಬರ ಮನೆ ಕೆಲಸ ಇನ್ನೊಬ್ಬರು ಸರದಿಯಲ್ಲಿ ಮಾಡಿಕೊಡುವುದು, ಇನ್ನೂ ಸ್ವಲ್ಪ ಉಳಿದಿದೆ. ಇವತ್ತು ಇವರ ಮನೆ, ನಾಳೆ ಅವರ ಮನೆ. ಯಾರೂ ತಪ್ಪಿಸುವುದಿಲ್ಲ. ಯಾಕೆ? ಮುಂದಿನ ಮನೆಯವರು ಕಾಯುತ್ತಿರುತ್ತಾರೆ. ಪುಸ್ತಕವೂ ನನಗೆ ಯಾಕೆ ವಾಪಸ್ ಬರಬೇಕು? ಮುಂದಿನ ಮನೆಗೆ ಹೋಗಲಿ. ಕೇಳುವವನು ನಾನಲ್ಲ, ಕಾಯುತ್ತಿರುವ ಪಕ್ಕದ ಮನೆಯ ಹುಡುಗಿ. ಅವಳಿಗೆ "ಇನ್ನೂ ಓದಿಲ್ಲ" ಅಂತ ಎಷ್ಟು ಸಲ ಹೇಳುವುದು, ಅಲ್ವಾ? ಎಲ್ಲಾ ಸುತ್ತಿ ಕೊನೆಗೆ ನನ್ನ ಹತ್ತಿರ ಬರುತ್ತದೆ.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ತಗಡಿನ ಟ್ರಂಕು ಕೊಂಡೆ, ಎಂಟುನೂರೈವತ್ತು ಇರಬೇಕು. ಒಂದು ಟ್ರಂಕಿಗೆ ಹನ್ನೆರಡು ಪುಸ್ತಕ, ಒಂದು ಮನೆಗೆ ಇಪ್ಪತ್ತೈದು ದಿನ. ಒಂದು ದಪ್ಪ ಕಾದಂಬರಿ, ಮೂರು ಮಕ್ಕಳದ್ದು, ಒಂದು ತೋಟದ ಕೆಲಸದ್ದು, ವಯಸ್ಸಾದವರಿಗೆ ದಪ್ಪ ಅಕ್ಷರದ್ದು ಒಂದು. ಇಷ್ಟು ಕಡ್ಡಾಯ. ಉಳಿದದ್ದು ಮನೆ ನೋಡಿ. ಯಾವ ಮನೆಯ ನಂತರ ಯಾವ ಮನೆ ಅನ್ನುವ ಸರದಿಯಲ್ಲೇ ಎಲ್ಲಾ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಐದು ವರ್ಷ ಒದ್ದಾಡಿ ಕಲಿತದ್ದು.

ಇನ್ನು ತೇವ. ನುಸಿಗುಳಿಗೆ ಹಾಕಬೇಡಿ. ಹಾಕಿದ ಪೆಟ್ಟಿಗೆ ತೆರೆದ ಕೂಡಲೇ ಒಬ್ಬ ಅಜ್ಜನಿಗೆ ಉಬ್ಬಸ ಬಂತು. ಹುರಿದ ಅಕ್ಕಿಯ ಗಂಟು ಇಟ್ಟೆ, ಇರುವೆ ಸಾಲು ಹಿಡಿದವು. ಅಡಿಕೆ ಒಲೆಯ ಮೇಲಿನ ಅಟ್ಟದಲ್ಲಿ ಒಂದು ಮಳೆಗಾಲ ಹತ್ತು ಪುಸ್ತಕ ಇಟ್ಟು ನೋಡಿದೆ. ಹುಳ ಮುಟ್ಟಲಿಲ್ಲ, ಆದರೆ ಹಾಳೆಗಳು ಅಡಿಕೆ ಬೇಯಿಸಿದ ಚೊಗರಿನ ಕೆಂಗಂದು ಬಣ್ಣಕ್ಕೆ ತಿರುಗಿ ಹೊಗೆ ವಾಸನೆ ಹಿಡಿಯಿತು. ಈಗ ಮಾಡುವುದು ಇಷ್ಟೇ: ಸಿಲಿಕಾ ಜೆಲ್ ಪೊಟ್ಟಣ, ಬಣ್ಣ ತಿರುಗಿದಾಗ ಚೆನ್ನಾಗಿ ಬಿಸಿ ಮಾಡಿ ಒಣಗಿಸಿ ಮತ್ತೆ ಇಡುವುದು. ಜೊತೆಗೆ ಬಜೆ ಬೇರಿನ ಪುಡಿಯ ಗಂಟು. ಆ ಪುಡಿಗೆ ಇನ್ನೆರಡು ಸಾಮಾನು ಸೇರುತ್ತದೆ, ನಮ್ಮ ಹಿತ್ತಲಲ್ಲೇ ಸಿಗುವಂಥದ್ದು. ಅದು ನನ್ನ ಹತ್ತಿರವೇ ಇರಲಿ. ಬೆಳ್ಳಿಹುಳ ಬಿದ್ದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿ ಒಂದು ವಾರ ಇಟ್ಟರೆ ಹುಳ ಸಾಯುತ್ತದೆ. ಹೊರಗೆ ತೆಗೆದ ಕೂಡಲೇ ಚೀಲ ಬಿಚ್ಚಬೇಡಿ, ಬೆವರಿ ಒದ್ದೆಯಾಗುತ್ತದೆ. ಹಾಗೆ ಬಿಚ್ಚಿ ಎರಡು ಒಳ್ಳೆ ಪುಸ್ತಕ ಕಳೆದುಕೊಂಡಿದ್ದೇನೆ.

ನಾನು ಯೋಚಿಸದೇ ಇದ್ದದ್ದು ಒಂದು ಆಯಿತು. ಅಡಿಕೆ ಸುಲಿಯುವ ಮನೆಯೊಂದರಲ್ಲಿ ಪೆಟ್ಟಿಗೆ ಇತ್ತು. ಏಳನೇ ಕ್ಲಾಸಿನ ಹುಡುಗನಿಗೆ "ಸುಮ್ನೆ ಕೂತಿದ್ದೀಯಲ್ಲ, ಜೋರಾಗಿ ಓದು" ಅಂದರು. ಹದಿನೈದು ಜನ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತು ಕೇಳಿದರು. ಕಥೆ ಬಿಗಿಯಾದ ಕಡೆ ಕೈ ನಿಂತುಬಿಡುತ್ತಿತ್ತು. ರಾತ್ರಿ ಹನ್ನೆರಡಾದರೂ ಯಾರೂ ಏಳಲಿಲ್ಲ. ಓದಿ ಹೇಳುವುದು, ಕೂತು ಕೇಳುವುದು ನಮ್ಮ ಜಿಲ್ಲೆಗೆ ಹೊಸದಲ್ಲ, ಹೊಸಹಳ್ಳಿಯ ಗಮಕ (ಕಾವ್ಯವನ್ನು ರಾಗವಾಗಿ ಓದುವ ಕಲೆ) ಕೇಳಿದವರಿಗೆ ಗೊತ್ತು. ಆದರೆ ಅಕ್ಷರ ಬಾರದ ಒಬ್ಬ ಅಜ್ಜಿ ಮಾರನೇ ದಿನ ನನ್ನನ್ನು ಕರೆಸಿ, "ಆ ಹುಡುಗಿ ಕೊನೆಗೆ ತವರಿಗೆ ಹೋದಳಾ?" ಅಂತ ಕೇಳಿದಾಗ ನನಗೆ ಗಂಟಲು ಕಟ್ಟಿತು. ಅವರಿಗೆ ಉಳಿದ ಮೂರು ಅಧ್ಯಾಯ ನಾನೇ ಓದಿ ಹೇಳಿದೆ.

ದುಡ್ಡಿನ ಲೆಕ್ಕ ಕೇಳುವವರು ಜಾಸ್ತಿ. ಶುರುವಿನಿಂದ ಇವತ್ತಿನವರೆಗೆ ನಲವತ್ತೈದು ಸಾವಿರ ಹೋಗಿರಬಹುದು. ಅದರಲ್ಲಿ ಅರ್ಧ ತಪ್ಪು ದಾರಿಗೆ ಹೋದದ್ದು. ಈಗ ವರ್ಷಕ್ಕೆ ಮೂರು ಸಾವಿರ ಸಾಕು. ಸ್ವಲ್ಪ ಸಿಪ್ಪೆಗೋಟು (ಸಿಪ್ಪೆ ಸಮೇತ ಒಣಗಿಸಿದ ಹಣ್ಣಡಿಕೆ) ಮಾರಿದ ದುಡ್ಡು ಇದಕ್ಕೆ ಅಂತಲೇ ತೆಗೆದಿಡುತ್ತೇನೆ. ರಾಜ್ಯೋತ್ಸವದ ತಿಂಗಳಲ್ಲಿ ಪುಸ್ತಕಕ್ಕೆ ರಿಯಾಯಿತಿ ಸಿಗುತ್ತದೆ, ಆಗಲೇ ಕೊಳ್ಳುವುದು.

ಸದ್ಯ ಐದು ಪೆಟ್ಟಿಗೆ ತಿರುಗುತ್ತಿವೆ. ಆರನೆಯದಕ್ಕೆ ಬಣ್ಣ ಬಳಿದು ಜಗಲಿಯಲ್ಲಿ ಇಟ್ಟಿದ್ದೇನೆ. ಅದು ಹೊಳೆಯಾಚೆಯ ಮೂರು ಮನೆಗೆ. ಅಲ್ಲಿಗೆ ದಾಟುವ ಕಾಲುಸಂಕದ (ಮರದ ಕಾಲುಸೇತುವೆ) ಎರಡು ದಬ್ಬೆ, ಅಂದರೆ ಸೀಳಿದ ಅಡಿಕೆ ಮರ, ಮಳೆಗೆ ಹೋಗಿವೆ. ಆ ಮನೆಯವರೇ ಅಡಿಕೆ ಮರ ಕಡಿದು ಹೊಸದು ಹಾಕುತ್ತೇವೆ ಅಂದಿದ್ದಾರೆ, ದೀಪಾವಳಿಯೊಳಗೆ.