ಕೊಡಗಿನಲ್ಲಿ ಬಿಡಾರ ಎಲ್ಲಿ ಹೂಡಬೇಕು?

ನಾಲ್ಕೈದು ದಿನಗಳ ಮಟ್ಟಿಗೆ ಸ್ವಂತ ಕಾರಿನಲ್ಲಿ ಕೊಡಗಿಗೆ ಬಂದು, ಒಂದೆರಡು ಬೆಟ್ಟ ಹತ್ತಿ, ಉಳಿದ ಹೊತ್ತು ಕಾಫಿ ತೋಟಗಳ ನಡುವಿನ ರಸ್ತೆಗಳಲ್ಲಿ ಅಲೆಯಬೇಕೆಂದಿರುವವರು ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ಮಡಿಕೇರಿಯಲ್ಲಿ ಒಂದು ಕೊಠಡಿ ಕಾಯ್ದಿರಿಸಿಬಿಡುತ್ತಾರೆ. ಭೂಪಟ ನೋಡಿದರೆ ಅದು ಸರಿಯೆಂದೇ ತೋರುತ್ತದೆ. ಊರು ಜಿಲ್ಲೆಯ ನಡುವೆ ಇದೆ, ಎಲ್ಲ ದಿಕ್ಕಿನ ರಸ್ತೆಗಳೂ ಅಲ್ಲಿಗೆ ಬಂದು ಸೇರುತ್ತವೆ. ಆದರೆ ಪ್ರತಿವರ್ಷ ನಮ್ಮ ಮನೆಗೆ ಬಂದುಹೋಗುವ ನೆಂಟರಿಷ್ಟರ ಪ್ರವಾಸಗಳನ್ನು ನೋಡುತ್ತ ಬಂದಿರುವ ನನಗೆ, ಬೆಟ್ಟ ಹತ್ತಲೆಂದು ಬಂದವರು ಮಡಿಕೇರಿಯಲ್ಲಿ ಉಳಿದರೆ ರಜೆಯ ಅರ್ಧಭಾಗವನ್ನು ಸ್ಟೀರಿಂಗ್ ಹಿಂದೆಯೇ ಕಳೆಯುತ್ತಾರೆ ಎನ್ನಿಸಿದೆ. ನಾನು ವಿರಾಜಪೇಟೆ ಕಡೆಯವನಾದ್ದರಿಂದ ಈ ಮಾತಿನಲ್ಲಿ ಸ್ವಲ್ಪ ಪಕ್ಷಪಾತವೂ ಇರಬಹುದು. ಓದುವವರು ಅದನ್ನು ಕಳೆದು ಲೆಕ್ಕ ಹಾಕಿಕೊಳ್ಳಲಿ.

ಇಲ್ಲಿನ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದರಿಂದಲೇ ತಪ್ಪು ಆರಂಭವಾಗುತ್ತದೆ. ಮಡಿಕೇರಿಯಿಂದ ವಿರಾಜಪೇಟೆಗೆ 30 ಚಿಲ್ಲರೆ ಕಿ.ಮೀ. ಅಷ್ಟೇ, ಆದರೆ ಒಂದು ಗಂಟೆ ಬೇಕು. ಸೋಮವಾರಪೇಟೆಗೆ ಸುಮಾರು 40 ಕಿ.ಮೀ., ಅದಕ್ಕೆ ಒಂದೂಕಾಲು ಗಂಟೆ. ತಿರುವುಗಳಲ್ಲಿ ಎದುರಿಗೆ ಮರದ ಲಾರಿಯೋ ಬಸ್ಸೋ ಬಂದಾಗ ನಿಂತು ದಾರಿ ಬಿಡಬೇಕು, ಸಂಜೆ ಮಂಜು ಇಳಿದರೆ ಹತ್ತು ಮೀಟರ್ ಮುಂದೆಯೂ ಕಾಣುವುದಿಲ್ಲ. ಆದ್ದರಿಂದ ಸಾಧಾರಣ ದಿನಕ್ಕೆ ಗಂಟೆಗೆ 30 ಕಿ.ಮೀ. ಎಂದೂ, ಮಳೆ ಅಥವಾ ಮಂಜಿದ್ದರೆ 20 ಎಂದೂ ಲೆಕ್ಕ ಹಿಡಿದು ಯೋಜನೆ ಮಾಡುವುದು ಒಳ್ಳೆಯದು. ಮೊಬೈಲಿನ ನಕ್ಷೆ ಹೇಳುವ ಸಮಯಕ್ಕೆ ಕಾಲುಭಾಗ ಸೇರಿಸಿಕೊಂಡರೂ ನಡೆದೀತು.

ಬಿಡಾರದ ಜಾಗವನ್ನು ಆರಿಸಲು ನಾನು ಹೇಳುವ ಕ್ರಮ ಹೀಗಿದೆ. ಮೊದಲು ನಿಮ್ಮ ಪ್ರವಾಸದ ಅತ್ಯಂತ ಕಷ್ಟದ ದಿನ ಯಾವುದೆಂದು, ಅಂದರೆ ಯಾವ ಬೆಟ್ಟವನ್ನು ಹತ್ತಲೇಬೇಕೆಂದು ತೀರ್ಮಾನಿಸಿ. ಎರಡನೆಯದಾಗಿ, ಆ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಕೊಠಡಿ ಹುಡುಕುವ ಕೆಲಸ ಮೂರನೆಯದು, ಮತ್ತು ಆ ಬೆಟ್ಟದ ಬುಡದಿಂದ ಅರ್ಧ ಗಂಟೆಗಿಂತ ಹೆಚ್ಚು ದೂರವಿಲ್ಲದ ಜಾಗದಲ್ಲೇ ಅದನ್ನು ಹುಡುಕಬೇಕು. ಈ ಕ್ರಮವನ್ನು ತಿರುವುಮುರುವು ಮಾಡಿದವರ ಪಾಡು ಹೇಳತೀರದು. ರಾಜ್ಯದ ಪ್ರಮುಖ ಚಾರಣ ಪಥಗಳಿಗೆ ಈಗ ಆನ್‌ಲೈನಿನಲ್ಲಿ ಮುಂಗಡವಾಗಿ ಟಿಕೆಟ್ ಪಡೆಯಬೇಕಾಗಿದ್ದು, ದಿನಕ್ಕೆ ಇಂತಿಷ್ಟೇ ಜನರೆಂಬ ಮಿತಿಯೂ ಇದೆ. ಶನಿವಾರ, ಭಾನುವಾರದ ಟಿಕೆಟ್ ಬೇಗ ಮುಗಿದುಹೋಗುತ್ತದೆ. ಅಷ್ಟು ಹೊತ್ತಿಗೆ ಕೊಠಡಿಗೆ ಹಣ ಕಟ್ಟಿಯಾಗಿದ್ದರೆ, ಬೆಟ್ಟವನ್ನು ಕಿಟಕಿಯಿಂದ ನೋಡಿಕೊಂಡು ಹಿಂತಿರುಗಬೇಕಾಗುತ್ತದೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದಲೂ ಮಳೆಗಾಲದಲ್ಲಿ ಅಪಾಯದ ಕಾರಣಕ್ಕೂ ಕೆಲವು ಪಥಗಳನ್ನು ಮುಚ್ಚುವುದುಂಟು. ಅದನ್ನೂ ಆಗಲೇ ವಿಚಾರಿಸಿಕೊಳ್ಳಿ.

ಕೊಡಗಿನ ಅತಿ ಎತ್ತರದ ಶಿಖರವಾದ 1,748 ಮೀಟರಿನ ತಡಿಯಂಡಮೋಳ್ ನಿಮ್ಮ ಗುರಿಯಾಗಿದ್ದರೆ, ಕಕ್ಕಬ್ಬೆಗಿಂತ ಒಳ್ಳೆಯ ನೆಲೆ ಇಲ್ಲ. ಇಡೀ ಜಿಲ್ಲೆಯಲ್ಲಿ ಒಂದೇ ಊರು ಆರಿಸಿ ಎಂದರೂ ನಾನು ಇದನ್ನೇ ಆರಿಸುತ್ತೇನೆ. 1792ರಲ್ಲಿ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆ ಇಲ್ಲೇ ಇದೆ, ಬೆಟ್ಟದ ದಾರಿಯೂ ಅದರ ಆಸುಪಾಸಿನಿಂದಲೇ ಆರಂಭವಾಗುತ್ತದೆ. ಬೆಳಿಗ್ಗೆ ಆರೂವರೆಗೆ ಕಾಫಿ ಕುಡಿದು ಹೊರಟರೆ ಬಿಸಿಲೇರುವ ಮೊದಲೇ ಹುಲ್ಲುಗಾವಲು ಮುಟ್ಟಬಹುದು. ಜೀಪು ಏರುವ ದಾರಿ ದೊಡ್ಡ ಬಂಡೆಯೊಂದರ ಬಳಿ ಮುಗಿದು, ಆಮೇಲೆ ಕಾಲುದಾರಿಯೇ ಗತಿ. ಕೊನೆಯಲ್ಲಿ ಶೋಲಾ ಕಾಡಿನೊಳಗೆ (ಬೆಟ್ಟದ ಮಡಿಲಿನಲ್ಲಿ ಬೆಳೆಯುವ ಕುಳ್ಳು ಮರಗಳ ದಟ್ಟ ಕಾಡು) ಬೇರುಗಳನ್ನು ಹಿಡಿದು ಹತ್ತಬೇಕಾದ ಕಡಿದಾದ ಏರು ಬರುತ್ತದೆ, ಅದರಾಚೆ ತುದಿ. ಹೋಗಿಬರಲು ಐದಾರು ಗಂಟೆ ಇಟ್ಟುಕೊಳ್ಳಿ. ಮರುದಿನ ಕಾಲು ನೋಯುತ್ತಿದ್ದರೆ ದೂರ ಹೋಗಬೇಕಾಗಿಲ್ಲ. ಪಾಡಿ ಇಗ್ಗುತ್ತಪ್ಪ ದೇವಾಲಯವಿದೆ, ಚೆಯ್ಯಂಡಾಣೆ ಕಡೆಯ ಚೇಲಾವರ ಜಲಪಾತವಿದೆ (ನೀರಿಗಿಳಿಯಬೇಡಿ; ಅಲ್ಲಿ ಪ್ರಾಣ ಕಳೆದುಕೊಂಡವರಿದ್ದಾರೆ), ಇನ್ನೂ ಹುರುಪಿದ್ದರೆ ಭಾಗಮಂಡಲ ಮತ್ತು ತಲಕಾವೇರಿಗೆ ಇಲ್ಲಿಂದಲೇ ಹೋಗಬಹುದು. ನೋಡಲು ಏನೂ ಇಲ್ಲದ ಊರ ರಸ್ತೆಗಳಲ್ಲಿ, ಒಂದು ಬದಿಗೆ ಗದ್ದೆ, ಇನ್ನೊಂದು ಬದಿಗೆ ಕರಿಮೆಣಸಿನ ಬಳ್ಳಿ ಹಬ್ಬಿದ ಮರಗಳ ಸಾಲಿನಲ್ಲಿ, ಸಂಜೆ ಒಂದು ಗಂಟೆ ನಡೆಯುವುದೂ ಚಾರಣವೇ ಎಂದು ಒಪ್ಪುವವರಿಗೆ ಕಕ್ಕಬ್ಬೆ ಮೂರು ದಿನಕ್ಕೂ ಬೇಸರವಾಗುವುದಿಲ್ಲ.

ಕೊರತೆಗಳೂ ಇವೆ. ಅಂಗಡಿ, ಔಷಧಿ, ಎಟಿಎಂ, ಪೆಟ್ರೋಲ್‌ಗೆ ನಾಪೋಕ್ಲು ಅಥವಾ ವಿರಾಜಪೇಟೆಯನ್ನು ನೆಚ್ಚಿಕೊಳ್ಳಬೇಕು. ಆ ಊರುಗಳನ್ನು ದಾಟುವಾಗಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಮೊಬೈಲ್ ಸಿಗ್ನಲ್ ಒಂದು ತಿರುವಿನಲ್ಲಿ ಇದ್ದು ಮುಂದಿನ ತಿರುವಿನಲ್ಲಿ ಇರುವುದಿಲ್ಲ.

ಉತ್ತರದ ಪುಷ್ಪಗಿರಿಗೆ ಹೋಗುವವರು ಸೋಮವಾರಪೇಟೆ ಅಥವಾ ಶಾಂತಳ್ಳಿ ಕಡೆ ಉಳಿಯಬೇಕು. 1,712 ಮೀಟರ್ ಎತ್ತರದ ಈ ಬೆಟ್ಟವನ್ನು ಸುಬ್ರಹ್ಮಣ್ಯದ ಕಡೆಯಿಂದ ಹತ್ತುವವರು ಕುಮಾರ ಪರ್ವತವೆಂದು ಕರೆಯುತ್ತಾರೆ. ಆ ಕಡೆಯ ಏರು ಉದ್ದ ಮತ್ತು ಕಠಿಣ. ಸೋಮವಾರಪೇಟೆ ಕಡೆಯ ಹೆಗ್ಗಡೆಮನೆಯಿಂದ ಹತ್ತುವುದು ಅದಕ್ಕಿಂತ ಹತ್ತಿರದ ದಾರಿ. ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆ ಇಳಿಯುವುದು ಬಸ್ಸಿನಲ್ಲಿ ಬಂದವರಿಗೆ ಚೆನ್ನು, ಕಾರಿನಲ್ಲಿ ಬಂದವರಿಗೆ ಪೀಕಲಾಟ. ನೀವು ದಕ್ಷಿಣ ಕನ್ನಡಕ್ಕೆ ಇಳಿದಿರುತ್ತೀರಿ, ಕಾರು ಕೊಡಗಿನಲ್ಲೇ ಉಳಿದಿರುತ್ತದೆ, ನಡುವೆ ಘಾಟಿ ಇರುತ್ತದೆ. ಹೋದ ದಾರಿಯಲ್ಲೇ ಮರಳುವುದು ಲೇಸು. ಮಡಿಕೇರಿಯಲ್ಲಿ ಉಳಿದು ಈ ಬೆಟ್ಟ ಹತ್ತುತ್ತೇನೆನ್ನುವವರು ಬೆಳಗಿನ ಜಾವ ನಾಲ್ಕೂವರೆಗೆಲ್ಲ ಹೊರಡಬೇಕು, ಆರೇಳು ಗಂಟೆ ನಡೆದು ಸುಸ್ತಾದ ಮೇಲೆ ಅದೇ ತಿರುವುಗಳಲ್ಲಿ ಎರಡು ಗಂಟೆ ಗಾಡಿ ಓಡಿಸಬೇಕು. ಕುಮಾರಧಾರಾ ನದಿಯ ಮಲ್ಲಳ್ಳಿ ಜಲಪಾತವೂ ಇದೇ ದಿಕ್ಕಿನಲ್ಲಿರುವುದರಿಂದ ಎರಡು ದಿನಕ್ಕೆ ಕೆಲಸ ಸಾಕಷ್ಟಿದೆ.

ದಕ್ಷಿಣದಲ್ಲಿ ಬ್ರಹ್ಮಗಿರಿ. ಇದು ಇರ್ಪು ಜಲಪಾತದ ಬಳಿಯಿಂದ ಏರುವ ಬೆಟ್ಟ, 1,608 ಮೀಟರ್. ಅಭಯಾರಣ್ಯವಾದ್ದರಿಂದ ಇಲಾಖೆಯ ಅನುಮತಿ ಮತ್ತು ಮಾರ್ಗದರ್ಶಿ ಇಲ್ಲದೆ ಹೋಗುವ ಮಾತೇ ಇಲ್ಲ. ಶ್ರೀಮಂಗಲ ಅಥವಾ ಕುಟ್ಟದಲ್ಲಿ ಉಳಿದರೆ ಇರ್ಪು ಹತ್ತಿರ, ನಾಗರಹೊಳೆಯ ನಾಣಚ್ಚಿ ಗೇಟೂ ಹತ್ತಿರ. ಗೋಣಿಕೊಪ್ಪದಲ್ಲಿ ಸೌಕರ್ಯ ಹೆಚ್ಚು, ಆದರೆ ಅದು ವ್ಯಾಪಾರದ ಊರು, ಭಾನುವಾರ ಸಂತೆ. ಅಂದು ಮುಖ್ಯರಸ್ತೆಯಲ್ಲಿ ಕಾರು ಆಮೆಯಂತೆ ಸಾಗುತ್ತದೆ. ನಾಗರಹೊಳೆ ಅರಣ್ಯದೊಳಗಿನ ರಸ್ತೆಯನ್ನು ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಮುಚ್ಚುತ್ತಾರೆಂಬುದನ್ನು ಈ ಕಡೆ ಉಳಿಯುವವರು ಮರೆಯಬಾರದು.

ಹಾಗಾದರೆ ಮಡಿಕೇರಿ ಯಾರಿಗೆ? ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದು, ಒಂದೇ ದಿನ ನಡಿಗೆ, ಉಳಿದ ದಿನ ಕೋಟೆ, ಓಂಕಾರೇಶ್ವರ, ಅಬ್ಬಿ ಎನ್ನುವವರಿಗೆ ಅದೇ ಸರಿ. ಬೆಟ್ಟದ ಮೇಲಿನ ವೀಕ್ಷಣಾ ತಾಣವಾದ ಮಾಂದಲಪಟ್ಟಿಗೂ ಇಲ್ಲಿಂದ ಹೋಗುವುದೇ ಅನುಕೂಲ; ಆದರೆ ಕೊನೆಯ ಭಾಗಕ್ಕೆ ನಿಮ್ಮ ಕಾರು ಒಗ್ಗುವುದಿಲ್ಲ, ಬಾಡಿಗೆ ಜೀಪು ಹಿಡಿಯಬೇಕು. ಮಾದಾಪುರದ ಕಡೆಯಿಂದ ಹತ್ತುವ ಕೋಟೆಬೆಟ್ಟವೂ ಮಡಿಕೇರಿಯಿಂದ ಬೆಳಗಾಗಿ ಹೋಗಿ ಸಂಜೆಯೊಳಗೆ ಬರುವಷ್ಟು ಹತ್ತಿರ. ದಸರೆಯಲ್ಲಿ ಹತ್ತು ದೇವಾಲಯಗಳ ಮಂಟಪಗಳು ಮೆರವಣಿಗೆ ಹೊರಡುವ ದಶಮಂಟಪಗಳ ರಾತ್ರಿ ಮತ್ತು ಡಿಸೆಂಬರ್ ಕೊನೆಯ ವಾರ ಮಾತ್ರ ಈ ಊರನ್ನು ನೆಲೆಯಾಗಿ ಆರಿಸಬೇಡಿ. ಕುಶಾಲನಗರವನ್ನು ಬೆಟ್ಟ ಹತ್ತುವವರ ನೆಲೆ ಎನ್ನಲಾರೆ. ಅದರ ಉಪಯೋಗ ಬೇರೆ, ಕೊನೆಗೆ ಹೇಳುತ್ತೇನೆ.

ಐದು ದಿನಗಳಿದ್ದರೆ ಎರಡು ನೆಲೆ ಮಾಡಿಕೊಳ್ಳಿ, ಮೂರು ಬೇಡ. ಮೂರೇ ದಿನವಾದರೆ ಒಂದು ದಿಕ್ಕನ್ನು ಹಿಡಿದು ಉಳಿದೆರಡನ್ನು ಬಿಟ್ಟುಬಿಡಿ. ಪುಷ್ಪಗಿರಿಯನ್ನೂ ಬ್ರಹ್ಮಗಿರಿಯನ್ನೂ ಒಂದೇ ವಾರಾಂತ್ಯದಲ್ಲಿ ಮುಗಿಸುತ್ತೇವೆಂದು ಬಂದವರು ಎರಡನ್ನೂ ಸರಿಯಾಗಿ ನೋಡಿದ್ದನ್ನು ನಾನು ಕಂಡಿಲ್ಲ.

ಊರು ನಿಶ್ಚಯವಾದ ಮೇಲೆ ಮನೆ. ಹೋಂಸ್ಟೇಗಳ ಚಿತ್ರಗಳಲ್ಲಿ ಜಗಲಿ, ಹಾಸಿಗೆ, ಹೂವಿನ ಕುಂಡ ಎಲ್ಲವೂ ಕಾಣುತ್ತವೆ. ಗೇಟಿನಿಂದ ಮನೆಯವರೆಗಿನ ದಾರಿ ಮಾತ್ರ ಕಾಣುವುದಿಲ್ಲ. ಒಮ್ಮೆ ಮೈಸೂರಿನಿಂದ ಬಂದ ನಮ್ಮ ಭಾವನವರಿಗಾಗಿ ತೋಟದೊಳಗಿನ ಒಂದು ಮನೆಯನ್ನು ನಾನೇ ಗೊತ್ತುಮಾಡಿದ್ದೆ. ಯಜಮಾನರು ಫೋನಿನಲ್ಲಿ, “ಕಾರು ಆರಾಮಾಗಿ ಬರ್ತದೆ, ನಮ್ಮ ಜೀಪು ದಿನಾ ಓಡಾಡ್ತದಲ್ಲ” ಎಂದಿದ್ದರು. ಆ ಮಾತಿನ ಎರಡನೆಯ ಭಾಗದಲ್ಲೇ ಎಚ್ಚರಿಕೆ ಅಡಗಿತ್ತು ಎಂದು ನನಗೆ ಹೊಳೆಯಲಿಲ್ಲ. ಗೇಟು ದಾಟಿ ಎರಡು ಕಿ.ಮೀ. ಮಣ್ಣಿನ ಇಳಿಜಾರು, ನಡುವೆ ಜೀಪಿನ ಚಕ್ರ ಕೊರೆದ ಎರಡು ಚರಂಡಿ, ಅವುಗಳ ಮಧ್ಯೆ ಎದ್ದು ನಿಂತ ಕಲ್ಲು. ಭಾವನವರ ಕಾರಿನ ಚೇಂಬರ್ ಒಂದು ಕಲ್ಲಿಗೆ ಬಡಿದು ಆಯಿಲ್ ಸೋರಿತು. ತೋಟದ ಟ್ರ್ಯಾಕ್ಟರ್ ಬಂದು ಎಳೆಯುವಷ್ಟರಲ್ಲಿ ಕತ್ತಲಾಗಿತ್ತು. ಅಂದಿನಿಂದ ನಾನು “ರಸ್ತೆ ಚೆನ್ನಾಗಿದೆಯೇ?” ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಗೇಟಿನಿಂದ ಮನೆಗೆ ಎಷ್ಟು ದೂರ, ಅದು ಕಾಂಕ್ರೀಟೋ, ಕಲ್ಲು ಹಾಸಿದ್ದೋ, ಬರೀ ಮಣ್ಣೋ, ಕಳೆದ ವಾರ ಬಂದ ಅತಿಥಿಗಳ ಕಾರು ಯಾವುದು, ಮಳೆ ಬಂದ ಮರುದಿನ ಅದು ಏರು ಹತ್ತಿತೇ ಎಂದು ಕೇಳುತ್ತೇನೆ. ಕೊನೆಯ ಪ್ರಶ್ನೆಗೆ ಉತ್ತರ ತಡವಾದರೆ ಬೇರೆ ಮನೆ ಹುಡುಕುತ್ತೇನೆ.

ತಿಂಡಿಯ ಸಮಯವನ್ನೂ ಮೊದಲೇ ಮಾತಾಡಿ. ಹೋಂಸ್ಟೇಗಳಲ್ಲಿ ತಿಂಡಿ ಸಾಮಾನ್ಯವಾಗಿ ಎಂಟೂವರೆಗೆ. ಚಾರಣಿಗರಿಗೆ ಅದು ಮಧ್ಯಾಹ್ನವಿದ್ದಂತೆ. ಹಿಂದಿನ ರಾತ್ರಿಯೇ ಹೇಳಿದರೆ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಎಳ್ಳು ಪಜ್ಜಿಯನ್ನು (ಎಳ್ಳಿನ ಚಟ್ನಿ) ಬಾಳೆ ಎಲೆಯಲ್ಲಿ ಕಟ್ಟಿಕೊಡುತ್ತಾರೆ, ಬೆಟ್ಟದ ತುದಿಯಲ್ಲೂ ಅದು ಮೆದುವಾಗಿಯೇ ಇರುತ್ತದೆ. ಸಸ್ಯಾಹಾರಿಗಳು ಅದನ್ನು ಕಾಯ್ದಿರಿಸುವಾಗಲೇ ತಿಳಿಸಬೇಕು. ಒದ್ದೆ ಬೂಟು ಒಣಗಿಸಲು ಬಚ್ಚಲ ಒಲೆಯ ಬಳಿ ಜಾಗವಿದೆಯೇ, ಕರೆಂಟು ಹೋದಾಗ ಏನು ವ್ಯವಸ್ಥೆ, ಬಾಡಿಗೆ ಕಾರಾದರೆ ಚಾಲಕರಿಗೆ ಮಲಗಲು ಕೊಠಡಿ ಇದೆಯೇ ಎಂಬುದನ್ನು ಬಹಳಷ್ಟು ಜನ ಕೇಳುವುದೇ ಇಲ್ಲ. ರಾತ್ರಿಯಿಡೀ ಕಾರಿನ ಸೀಟಿನಲ್ಲಿ ಮಲಗಿದ ಚಾಲಕರ ಕೈಗೆ ಬೆಳಿಗ್ಗೆ ಘಾಟಿಯಲ್ಲಿ ನಿಮ್ಮ ಸಂಸಾರವನ್ನು ಒಪ್ಪಿಸುವುದು ಬುದ್ಧಿವಂತಿಕೆಯಲ್ಲ.

ಋತುವಿಗೆ ತಕ್ಕಂತೆ ನೆಲೆಯೂ ಬದಲಾಗಬೇಕು. ಬೆಟ್ಟ ಹತ್ತಲು ಅಕ್ಟೋಬರ್‌ನಿಂದ ಜನವರಿ ಒಳ್ಳೆಯ ಕಾಲ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ದಕ್ಷಿಣದ ರೊಬಸ್ಟಾ ತೋಟಗಳು ಬೆಳ್ಳಗೆ ಹೂ ಬಿಡುತ್ತವೆ. ಆಗ ಬೆಟ್ಟ ಮುಚ್ಚಿದ್ದರೂ ಪೊನ್ನಂಪೇಟೆ, ಸಿದ್ದಾಪುರ ಕಡೆಯ ರಸ್ತೆಗಳಲ್ಲಿ ಸುಮ್ಮನೆ ಕಾರು ಓಡಿಸುವುದೂ ಸುಖ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಅಂಚಿನಲ್ಲಿ, ಅಂದರೆ ಭಾಗಮಂಡಲ, ಕಕ್ಕಬ್ಬೆ, ಬಿರುನಾಣಿ ಕಡೆ, ನೆಲೆ ಮಾಡಬೇಡಿ. ಕಾವೇರಿ ಉಕ್ಕಿದಾಗ ಭಾಗಮಂಡಲ–ನಾಪೋಕ್ಲು ರಸ್ತೆಯ ಮೇಲೆ ನೀರು ನಿಲ್ಲುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಮಂಗಳೂರಿನ ಹೆದ್ದಾರಿಯೇ ಕಡಿದುಹೋಗಿತ್ತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿಯಿತು. ಮಳೆಯನ್ನೇ ನೋಡಬೇಕೆಂದು ಬರುವವರು ಹೆದ್ದಾರಿಗೆ ಹತ್ತಿರವಾದ ಪಟ್ಟಣದಲ್ಲಿ ಉಳಿಯಲಿ, ಇಂಬಳಕ್ಕೆ ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಲಿ.

ಇನ್ನು ಆನೆಗಳು. ಸಿದ್ದಾಪುರ, ಮಾಲ್ದಾರೆ, ಚೆಟ್ಟಳ್ಳಿ ಸುತ್ತಲಿನ ತೋಟಗಳಲ್ಲಿ ಅವು ಹಗಲು ಕಾಫಿ ಗಿಡಗಳ ಮಧ್ಯೆ ನಿಂತಿದ್ದು, ಕತ್ತಲಾದ ಮೇಲೆ ರಸ್ತೆಗೆ ಬರುತ್ತವೆ. ತೋಟದ ಮನೆಯಲ್ಲಿ ಉಳಿಯುವವರು ಮೊದಲ ದಿನ ಸಂಜೆ ಐದರೊಳಗೆ ತಲುಪುವಂತೆ ಹೊರಡಬೇಕು. ಬೆಂಗಳೂರಿನಿಂದ ಮಡಿಕೇರಿಗೆ ಸುಮಾರು 260 ಕಿ.ಮೀ.; ಮಧ್ಯಾಹ್ನ ಕಚೇರಿ ಮುಗಿಸಿ ಹೊರಟವರು ಅಷ್ಟರೊಳಗೆ ತಲುಪಲಾರರು. ಕುಶಾಲನಗರ ಉಪಯೋಗಕ್ಕೆ ಬರುವುದು ಇಂಥವರಿಗೇ. ಅಲ್ಲಿಯವರೆಗೆ ರಸ್ತೆ ಸಮತಟ್ಟು, ಮುಂದಿನದೇ ಏರು. ಮೊದಲ ರಾತ್ರಿ ಅಲ್ಲಿ ಮಲಗಿ ಬೆಳಿಗ್ಗೆ ಬೆಳಕಿನಲ್ಲಿ ಘಾಟಿ ಹತ್ತಿ. ಹಾಗೆಯೇ ಭಾನುವಾರ ಬೆಟ್ಟ ಇಳಿದು ಅಂದೇ ಊರು ಸೇರುವ ಆತುರ ಬೇಡವೆನ್ನಿಸಿದರೆ, ಕೊನೆಯ ರಾತ್ರಿಯನ್ನೂ ಅಲ್ಲೇ ಕಳೆದು ಸೋಮವಾರ ಬೆಳಿಗ್ಗೆ ಆರಕ್ಕೆ ಹೊರಡಬಹುದು. ಮಧ್ಯಾಹ್ನದ ಊಟದ ಹೊತ್ತಿಗೆ ಬೆಂಗಳೂರಿನಲ್ಲಿರುತ್ತೀರಿ.