ನಾಲ್ಕು ತಂಡ ಸೇರಿ ಬೇಸಿಗೆ ನಾಟಕ ಮಾಡಿದ್ದು: ನನ್ನ ಅನುಭವ

"ನಾಲ್ಕು ಹವ್ಯಾಸಿ ತಂಡ ಸೇರಿದರೆ ನಾಟಕ ಆಗಲ್ಲ, ಪಂಚಾಯ್ತಿ ಆಗತ್ತೆ" ಅಂತ ನಮ್ಮ ಕಡೆಯ ಹಿರಿಯ ನಿರ್ದೇಶಕರೊಬ್ಬರು ಹೇಳಿದ್ದರು. ಕಳೆದ ಬೇಸಿಗೆಯಲ್ಲಿ ನಾಲ್ಕು ಊರಿನ ನಾಲ್ಕು ತಂಡ, ತಲಾ ಒಂದು ನಾಟಕ ಕಟ್ಟಿ, ಪ್ರತಿ ನಾಟಕವನ್ನೂ ನಾಲ್ಕೂ ಊರಲ್ಲಿ ಆಡಿದೆವು. ಪ್ರದರ್ಶನದ ಖರ್ಚಿಗೆ ಯಾರೂ ಕೈಯಿಂದ ದುಡ್ಡು ಹಾಕಲಿಲ್ಲ. ಕೊನೆಯ ಪ್ರದರ್ಶನಕ್ಕೆ ಆ ಹಿರಿಯರೇ ಟಿಕೆಟ್ ತಗೊಂಡು ಬಂದಿದ್ದರು. ಪಾಸ್ ಕೊಡುತ್ತೇನೆ ಅಂದರೂ ಬೇಡ ಅಂದರು.

ಇದಕ್ಕೆ ಮುಂಚೆ ಎರಡು ಸಲ ಮುಗ್ಗರಿಸಿದ್ದೆವು. ಒಮ್ಮೆ ನಾಲ್ಕೂ ತಂಡದ ನಟರನ್ನು ಸೇರಿಸಿ ಒಂದೇ ದೊಡ್ಡ ನಾಟಕ ಅಂತ ಹೊರಟೆವು. ಊರಿಂದ ಊರಿಗೆ ನಲವತ್ತು ಐವತ್ತು ಕಿಲೋಮೀಟರ್, ಮಲೆನಾಡಿನ ರಸ್ತೆ, ರಾತ್ರಿ ಎಂಟರ ಮೇಲೆ ಬಸ್ಸಿಲ್ಲ. ಎಲ್ಲ ಪಾತ್ರಗಳೂ ಒಟ್ಟಿಗೆ ಸೇರಿದ ತಾಲೀಮು ಅಂದರೆ ಗ್ರ್ಯಾಂಡ್ ರಿಹರ್ಸಲ್ ಒಂದೇ. ಇನ್ನೊಮ್ಮೆ ಬೇರೆ ಬೇರೆ ನಾಟಕ, ಆದರೆ ಗಲ್ಲಾ ಒಂದೇ ಅಂತ ಮಾಡಿದೆವು. ನಮ್ಮ ಊರಲ್ಲಿ ಹೌಸ್‌ಫುಲ್, ಪಕ್ಕದ ಊರಲ್ಲಿ ಮೂವತ್ತು ಜನ. "ನಾವು ದುಡಿದಿದ್ದು ಅವರಿಗ್ಯಾಕೆ?" ಅಂತ ಶುರುವಾದ ಮಾತು ಮಳೆಗಾಲ ಮುಗಿದರೂ ಮುಗಿಯಲಿಲ್ಲ. ಹತ್ತಿಪ್ಪತ್ತು ಸಾವಿರ ಆ ಲೆಕ್ಕದಲ್ಲೇ ಹೋಯಿತು.

ಈ ಸಲ ಗಲ್ಲಾ ಬೇರೆ, ಸಾಮಾನು ಒಂದೇ. ಯಾವ ಊರಲ್ಲಿ ನಾಟಕವೋ ಅಲ್ಲಿಯ ಗೇಟ್ ಕಲೆಕ್ಷನ್ ಪೂರ್ತಿ ಆ ಊರಿನ ತಂಡಕ್ಕೆ. ಹಾಲ್, ಊಟ, ಪೋಸ್ಟರ್, ಬಂದ ತಂಡದ ಗಾಡಿ ಬಾಡಿಗೆ ಎಲ್ಲ ಅವರದೇ ತಲೆನೋವು. ಪ್ರತಿ ತಂಡವೂ ಮೂರು ಸಲ ಅತಿಥಿ, ಮೂರು ಸಲ ಆತಿಥೇಯ. ಜನ ಸೇರಿಸುವುದು ನಿಮ್ಮ ಸಾಮರ್ಥ್ಯ. ಲೆಕ್ಕದ ಜಗಳ ಅಲ್ಲಿಗೇ ನಿಂತಿತು.

ಸಾಮಾನು ಒಂದೇ ಅಂದರೆ ಎಂಟು ಪ್ಲಾಟ್‌ಫಾರ್ಮ್, ಮೂರು ಮೆಟ್ಟಿಲು, ವೇದಿಕೆಯ ಪಕ್ಕಕ್ಕೆ ಮರೆಯಾಗಿ ಕಪ್ಪು ಬಟ್ಟೆಯ ಸೈಡ್‌ವಿಂಗ್. ನಮ್ಮ ಸಾಮಾನು ಗಾಡಿ ಟಾಟಾ ಏಸ್‌ನ ಹಿಂಭಾಗ ಸುಮಾರು ಏಳು ಅಡಿ ಉದ್ದ, ಐದಡಿಗೆ ಸ್ವಲ್ಪ ಕಡಿಮೆ ಅಗಲ. ಆ ಅಳತೆ ಹಿಡಿದುಕೊಂಡೇ ಆರಡಿ ಉದ್ದ ಮೂರಡಿ ಅಗಲದ ಪ್ಲಾಟ್‌ಫಾರ್ಮ್ ಮಾಡಿಸಿದೆವು. ಕಾಲು ಮಡಚುತ್ತವೆ. ಪಕ್ಕದ ಸಂದಿಯಲ್ಲಿ ಲೈಟಿನ ಸ್ಟ್ಯಾಂಡು, ಬಟ್ಟೆ ಗಂಟು. ಒಂದೇ ಟ್ರಿಪ್. ಒಬ್ಬ ನಿರ್ದೇಶಕರಿಗೆ ಉಯ್ಯಾಲೆ ಬೇಕೇ ಬೇಕಿತ್ತು. ಏಸ್‌ನಲ್ಲಿ ಹಿಡಿದರೆ ತನ್ನಿ ಅಂದೆವು. ನಾಟಕ ಉಯ್ಯಾಲೆ ಇಲ್ಲದೇ ಆಯಿತು, ನನ್ನ ಪ್ರಕಾರ ಚೆನ್ನಾಗೇ ಆಯಿತು.

ನಾಲ್ಕು ವೇದಿಕೆಗಳಲ್ಲಿ ಅತಿ ಚಿಕ್ಕದು ಇಪ್ಪತ್ತಡಿ ಅಗಲ, ಹದಿನಾಲ್ಕಡಿ ಆಳ. ಎಲ್ಲ ತಂಡವೂ ಮೊದಲ ದಿನದಿಂದಲೇ ಅಷ್ಟಕ್ಕೇ ಸೀಮೆಸುಣ್ಣದಲ್ಲಿ ಗೆರೆ ಹಾಕಿ ತಾಲೀಮು ಮಾಡಬೇಕು ಅಂತ ಕರಾರು. ದೊಡ್ಡ ವೇದಿಕೆ ಸಿಕ್ಕಾಗ ಹರಡಿಕೊಳ್ಳುವುದು ಸುಲಭ. ಕುಗ್ಗುವುದು ಕಷ್ಟ.

ಲೈಟಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಮೊದಲೆಲ್ಲ ಸಾವಿರ ವ್ಯಾಟಿನ ಹ್ಯಾಲೊಜೆನ್ ಪಾರ್ ಅನ್ನುವ ರಂಗದ ಲೈಟು ಬಾಡಿಗೆಗೆ ತರುತ್ತಿದ್ದೆವು. ಹನ್ನೆರಡು ಹಾಕಿದರೆ ಹನ್ನೆರಡು ಕಿಲೋವ್ಯಾಟ್. ಸಣ್ಣ ಊರಿನ ಮಂಟಪದ ಫ್ಯೂಸು ಅದನ್ನು ತಡೆಯುತ್ತಾ? ಜನರೇಟರ್ ಬೇಕೇ ಬೇಕು, ಡೀಸೆಲ್ ಸೇರಿ ಐದಾರು ಸಾವಿರ ಅಲ್ಲೇ ಹೋಗುತ್ತಿತ್ತು. ಈಗ ನಾಲ್ಕೂ ತಂಡ ದುಡ್ಡು ಹಾಕಿ ಎಲ್‌ಇಡಿ ಪಾರ್ ಕೊಂಡಿದ್ದೇವೆ. ಒಟ್ಟು ಲೋಡು ಎರಡೂವರೆ ಮೂರು ಕಿಲೋವ್ಯಾಟ್ ದಾಟುವುದಿಲ್ಲ. ಆದರೆ ಬರೀ ಎಲ್‌ಇಡಿ ಬಿಟ್ಟರೆ ಮುಖ ಹೆಣದ ಥರ ಕಾಣುತ್ತದೆ. ಮುಂದಿನಿಂದ ಎರಡು ಹ್ಯಾಲೊಜೆನ್ ಉಳಿಸಿಕೊಂಡೆವು, ಅರ್ಧ ಡಿಮ್ಮರ್‌ನಲ್ಲಿ. ಅವುಗಳ ಮುಂದೆ ಯಾವ ಜೆಲ್, ಅಂದರೆ ಬಣ್ಣದ ಹಾಳೆ, ಹಾಕುತ್ತೇವೆ ಅನ್ನುವುದನ್ನು ಇಲ್ಲಿ ಬರೆಯಲ್ಲ, ಬಂದು ನೋಡಿ.

ಹಾಲ್ ಸಿಗುವುದೇ ದೊಡ್ಡ ಕಷ್ಟ. ಏಪ್ರಿಲ್, ಮೇ ಅಂದರೆ ಮದುವೆ. ಮುಹೂರ್ತದ ದಿನ ಮಂಟಪ ಕೇಳಿದರೆ ನಗುತ್ತಾರೆ. ಪಂಚಾಂಗ ಹಿಡಿದು ಕೂತು ಮುಹೂರ್ತ ಇಲ್ಲದ ದಿನಗಳನ್ನು ಗುರುತು ಹಾಕಿಕೊಂಡೆವು. ಖಾಲಿ ಬಿದ್ದಿರುವ ದಿನಕ್ಕೆ ಅರ್ಧ ಬಾಡಿಗೆಗೂ ಕೊಡುತ್ತಾರೆ. ಅಧಿಕ ಮಾಸ ಬೇಸಿಗೆಯಲ್ಲಿ ಬಂದ ವರ್ಷ ಇನ್ನೂ ಸುಲಭ. ಮಾಲೀಕರ ಹತ್ತಿರ ಏನು ಮಾತಾಡಬೇಕು ಅನ್ನುವುದು ನಿಮ್ಮ ಚಾಕಚಕ್ಯತೆ. ಶನಿವಾರ, ಭಾನುವಾರವೇ ಬೇಕು ಅಂತ ಹಟ ಹಿಡಿಯಬೇಡಿ. ಶಾಲೆಗೆ ರಜೆ ಇದೆಯಲ್ಲ, ಮಂಗಳವಾರವೂ ಜನ ಬಂದರು. ಐಪಿಎಲ್‌ಗೆ ಹೆದರಿದ್ದೆವು, ಯಕ್ಷಗಾನಕ್ಕೆ ಹೆದರಬೇಕಿತ್ತು. ಮೇಳಗಳ ತಿರುಗಾಟ ಮೇ ಕೊನೆಯ ಪತ್ತನಾಜೆವರೆಗೂ, ಅಂದರೆ ಮೇಳಗಳು ಗೆಜ್ಜೆ ಬಿಚ್ಚುವ ದಿನದವರೆಗೂ ಇರುತ್ತದೆ. ಒಳ್ಳೆ ಮೇಳದ ಬಯಲಾಟ ಪಕ್ಕದಲ್ಲಿ ಇದ್ದ ದಿನ ನಮ್ಮ ಕುರ್ಚಿಗಳೆಲ್ಲ ಖಾಲಿ.

ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಇಲ್ಲ ಅನ್ನುವ ನಿಯಮ ಗೊತ್ತೇ ಇದೆ. ಅದಕ್ಕೇ ಆರೂ ಮುಕ್ಕಾಲಿಗೆ ಮೂರನೇ ಬೆಲ್, ಅಂದರೆ ನಾಟಕ ಶುರು. ಸಭಾ ಕಾರ್ಯಕ್ರಮ ಇಲ್ಲ, ದೀಪ ಬೆಳಗುವುದಿಲ್ಲ, ಹಾರ ಶಾಲು ಇಲ್ಲ. ಇದಕ್ಕೆ ಬಂದಷ್ಟು ವಿರೋಧ ಬೇರೆ ಯಾವುದಕ್ಕೂ ಬರಲಿಲ್ಲ. ಅಧ್ಯಕ್ಷರ ಭಾಷಣ ಇಲ್ಲದಿದ್ದರೆ ದೇಣಿಗೆ ಬರಲ್ಲ ಅಂದರು. ನಿಜ, ಸ್ವಲ್ಪ ಕಡಿಮೆ ಬಂತು. ಶಾಲು, ಹಾರ, ನೆನಪಿನ ಕಾಣಿಕೆಯ ಖರ್ಚು ಅದಕ್ಕಿಂತ ಜಾಸ್ತಿ ಉಳಿಯಿತು.

ನಾಟಕದ ಹಕ್ಕಿನ ಬಗ್ಗೆ ಒಂದು ಮಾತು. ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ಆಡಿದರೆ ಕಾಪಿರೈಟ್ ಕಾಯ್ದೆಯಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟ ಮೇಲೆ ಅನುಮತಿ ಬೇಕು. ನಾಟಕಕಾರ ತೀರಿಕೊಂಡು ಅರವತ್ತು ವರ್ಷ ಕಳೆದರೆ ಯಾರನ್ನೂ ಕೇಳಬೇಕಾಗಿಲ್ಲ. ಕೈಲಾಸಂ 1946ರಲ್ಲಿ ಹೋದರು, ಅವರ ನಾಟಕ ಧಾರಾಳವಾಗಿ ಆಡಿ. ಶ್ರೀರಂಗರು 1984, ಆದ್ದರಿಂದ ಪತ್ರ ಬರೆಯಲೇಬೇಕು. ನಾವು ಎರಡು ಹಳೆಯದು, ಎರಡು ಅನುಮತಿ ಪಡೆದದ್ದು ಅಂತ ಇಟ್ಟುಕೊಂಡೆವು.

ಟಿಕೆಟ್ 100 ರೂಪಾಯಿ, ನಾಲ್ಕೂ ನಾಟಕಕ್ಕೆ ಸೇರಿ ಸೀಸನ್ ಟಿಕೆಟ್ 300. ಸೀಸನ್ ಟಿಕೆಟ್ ಯಾರು ತಗೋತಾರೆ ಅಂತ ನಕ್ಕವರೇ ಜಾಸ್ತಿ. ಊರಿಗೆ ಅರವತ್ತು ಎಪ್ಪತ್ತು ಹೋದವು. ಅಂದರೆ ಮೊದಲ ಬೆಲ್ ಹೊಡೆಯುವ ಮೊದಲೇ ಇಪ್ಪತ್ತು ಸಾವಿರದ ಹತ್ತಿರ ಕೈಯಲ್ಲಿ. ಮಾರಿದ್ದು ತಂಡದವರಲ್ಲ, ಮೆಡಿಕಲ್ ಶಾಪಿನವರು. ಬೇಕರಿ, ಪುಸ್ತಕದಂಗಡಿ ಎಲ್ಲ ನೋಡಿದ್ದೆವು. ಮೆಡಿಕಲ್‌ಗೆ ಮಾತ್ರ ಪ್ರತಿ ಮನೆಯವರೂ ತಿಂಗಳಿಗೊಮ್ಮೆಯಾದರೂ ಬರುತ್ತಾರೆ, ಮಾತ್ರೆ ಕೊಡುವತನಕ ನಿಂತಿರುತ್ತಾರೆ. ಮೊದಲೆಲ್ಲ ಒಂದು ಪ್ರದರ್ಶನದ ಖರ್ಚು ಇಪ್ಪತ್ತು ಸಾವಿರ ಆಗುತ್ತಿದ್ದುದು ಈಗ ಹನ್ನೊಂದು ಹನ್ನೆರಡು. ಜನ ಸಾಮಾನ್ಯವಾಗಿ ನೂರಮೂವತ್ತರಿಂದ ನೂರೆಪ್ಪತ್ತು. ಖರ್ಚೆಲ್ಲ ಕಳೆದು ಪ್ರತಿ ಊರಿಗೂ ನಾಲ್ಕೈದು ಸಾವಿರ ಉಳಿದಿರಬೇಕು.

ಜನ ಹೇಗೆ ಬಂದರು ಅಂತ ಎಲ್ಲರೂ ಕೇಳುತ್ತಾರೆ. ಪ್ರತಿ ನಾಟಕದಲ್ಲೂ ಒಂದು ಸಣ್ಣ ಪಾತ್ರ ಖಾಲಿ ಬಿಟ್ಟಿದ್ದೆವು. ಪೋಸ್ಟ್‌ಮ್ಯಾನ್, ಪೇದೆ, ದಾರಿಹೋಕ, ಇಂಥದ್ದು. ಮೂರ್ನಾಲ್ಕು ಮಾತು, ಒಂದು ಪ್ರವೇಶ. ಯಾವ ಊರಿಗೆ ಹೋದರೂ ಅದು ಆ ಊರಿನವರಿಗೆ. ಮಾತು ವಾಟ್ಸಾಪ್‌ನಲ್ಲಿ ಮುಂಚೆಯೇ ಹೋಗಿರುತ್ತದೆ, ಮಧ್ಯಾಹ್ನ ವೇದಿಕೆಯ ಮೇಲೆ ಎರಡು ಸಲ ನಡೆಸಿ ನೋಡಿದರೆ ಆಯಿತು. ಒಂದು ಊರಲ್ಲಿ ಹಾಲಿನ ಡೇರಿಯ ಕಾರ್ಯದರ್ಶಿ ಪೇದೆ ಆದರು. ಲಾಠಿ ಹಿಡಿದು ಒಳಗೆ ಬಂದ ಕೂಡಲೇ ಇಡೀ ಸಭೆ ಎದ್ದು ಶಿಳ್ಳೆ ಹೊಡೆಯಿತು. ಅವರು ಮಾತು ಮರೆತು ಪ್ರೇಕ್ಷಕರಿಗೇ ಸಲ್ಯೂಟ್ ಹೊಡೆದರು. ನಾಯಕ ಪಾಪ ಎರಡು ನಿಮಿಷ ಕಾದ. ಆ ದಿನ ಇನ್ನೂರರ ಮೇಲೆ ಜನ. ಯಾರನ್ನು ಆರಿಸಬೇಕು ಅನ್ನುವುದಕ್ಕೆ ನಮ್ಮದೊಂದು ಲೆಕ್ಕ ಇದೆ, ಅದು ನಮ್ಮ ಹತ್ತಿರವೇ ಇರಲಿ.

ಬಯಲಲ್ಲಿ ಆಡುವ ಪ್ರಯೋಗವನ್ನೂ ಒಮ್ಮೆ ಮಾಡಿದೆವು. ಸಂಜೆ ಐದಕ್ಕೆ ಗುಡುಗು, ಆರಕ್ಕೆ ಮೈದಾನ ಕೆಸರು. ಹಾಲ್ ಇದ್ದರೂ ಮೇ ತಿಂಗಳಲ್ಲಿ ಶೀಟಿನ ಮಾಡು ಇದ್ದರೆ ಹುಷಾರು. ಮಳೆ ಬಿದ್ದರೆ ಒಂದು ಮಾತೂ ಕೇಳಿಸುವುದಿಲ್ಲ. ಅದಕ್ಕಂತಲೇ ಪ್ರತಿ ನಾಟಕಕ್ಕೂ ಒಂದು ಹಾಡು ಮೀಸಲು. ಮಳೆ ಜೋರಾದರೆ ನಟರು ಇದ್ದಲ್ಲೇ ಕೂರುವುದು, ನಾಟಕದ ಹಿಮ್ಮೇಳದವರು ಚಂಡೆ ಹಿಡಿದು ಮುಂದೆ ಬರುವುದು.

ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಯ ಸಂಚಾರಿ ತಂಡ 'ತಿರುಗಾಟ' 1985ರಿಂದ ಊರೂರು ಸುತ್ತುತ್ತಿದೆ, ಅದನ್ನು ನೋಡಿ ನೀವು ಹಾರಬೇಡಿ, ಅವರದು ಪೂರ್ಣಾವಧಿ ತಂಡ ಅಂತ ಬುದ್ಧಿ ಹೇಳಿದವರಿದ್ದರು. ಹೌದು, ನಮ್ಮ ನಟರು ಬೆಳಿಗ್ಗೆ ಬ್ಯಾಂಕು, ಶಾಲೆ, ತೋಟ ಮುಗಿಸಿ ಬರುವವರು. ಅದಕ್ಕೇ ಯಾವ ತಂಡವೂ ವಾರಕ್ಕೆ ಒಂದಕ್ಕಿಂತ ಹೆಚ್ಚು ಆಡಕೂಡದು ಅಂತ ಇಟ್ಟಿದ್ದು. ಈಗ ಐದನೇ ಊರಿನವರು ನಾವೂ ಸೇರುತ್ತೇವೆ ಅನ್ನುತ್ತಿದ್ದಾರೆ. ಅವರ ಹಾಲಿನ ವೇದಿಕೆ ಹನ್ನೆರಡಡಿ ಆಳ. ನಾಲ್ಕು ನಿರ್ದೇಶಕರೂ ಸದ್ಯ ಒಪ್ಪಿಲ್ಲ, ವೇದಿಕೆ ಎರಡಡಿ ಮುಂದಕ್ಕೆ ಬೆಳೆಸಲು ಎಷ್ಟಾಗತ್ತೆ ಅಂತ ಬಡಗಿಯನ್ನು ಕೇಳಿದ್ದೇವೆ.