ಎರಡು ಸಣ್ಣ ತೊಟ್ಟಿಗಳ ಸಂಪ್: ನನ್ನ ಅನುಭವ

ವಿಜಯಪುರದ ನಮ್ಮ ಮನೆಯ 4 ಅಡಿ ಅಕ್ವೇರಿಯಂನ ಕಬ್ಬಿಣದ ಸ್ಟ್ಯಾಂಡಿಗೆ ನಡುವೆಯೂ ಒಂದು ಕಾಲಿರುವುದರಿಂದ, ಅದರ ಕೆಳಗೆ ದೊಡ್ಡ ಸಂಪ್ (ಅಕ್ವೇರಿಯಂನ ನೀರು ಇಳಿದು ಬಂದು, ಸೋಸಿ, ಪಂಪಿನಿಂದ ಮತ್ತೆ ಮೇಲೇರುವ ತೊಟ್ಟಿ) ಕೂರಿಸಲಾಗದೆ, ಆ ಕಾಲಿನ ಎರಡೂ ಬದಿಗೆ ಒಂದೊಂದು ಸಣ್ಣ ಗಾಜಿನ ತೊಟ್ಟಿಯಿಟ್ಟು ಅರ್ಧ ಇಂಚಿನ ಪೈಪಿನಿಂದ ಜೋಡಿಸಿದೆ. ಮೇಲಿನ ನೀರು ಮೊದಲನೆಯದಕ್ಕೆ ಇಳಿಯುತ್ತಿತ್ತು, ಪಂಪ್ ಎರಡನೆಯದರಲ್ಲಿತ್ತು. ಪಂಪ್ ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಎರಡನೆಯ ತೊಟ್ಟಿ ಬರಿದಾಗಿ ಪಂಪ್ ಗಾಳಿ ಎಳೆಯತೊಡಗಿತು. ಮೊದಲನೆಯದು ತುಂಬಿ ನೆಲಕ್ಕೆ ಹರಿಯಿತು.

ದೋಷ ಪಂಪಿನದಾಗಿರಲಿಲ್ಲ. ತೊಟ್ಟಿಗಳ ನಡುವೆ ನೀರನ್ನು ತಳ್ಳುವುದು ಅವುಗಳ ಮಟ್ಟದ ವ್ಯತ್ಯಾಸ ಮಾತ್ರ. ಪೈಪು ಕಿರಿದಾದಷ್ಟೂ ಅಷ್ಟೇ ಹರಿವಿಗೆ ಹೆಚ್ಚು ವ್ಯತ್ಯಾಸ ಬೇಕಾಗುತ್ತದೆ. ಆದ್ದರಿಂದ ಒಂದೂವರೆ ಇಂಚಿನ ಪೈಪಿಗೆ ಬದಲಾಯಿಸಿದೆ: ವ್ಯಾಸ 3 ಪಟ್ಟಾದರೆ ನೀರು ಹರಿಯುವ ದಾರಿಯ ವಿಸ್ತೀರ್ಣ 9 ಪಟ್ಟಾಗುತ್ತದೆ. ಒಂದು ಕಟ್ಟಿಕೊಂಡರೂ ಇನ್ನೊಂದು ಹರಿಯಲೆಂದು ಎರಡು ಹಾಕಿದೆ.

ಡೈಮಂಡ್ ಹೋಲ್ ಸಾ ಎಂಬ, ಗಾಜು ಕೊರೆಯುವ ದುಂಡನೆಯ ಬಿಟ್ಟಿನಿಂದ, ನೀರು ಬಿಡುತ್ತಾ, ಕೈಭಾರ ಹಾಕದೆ ತೂತು ಕೊರೆದೆ. ಟೆಂಪರ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜನ್ನು ಮಾತ್ರ ಕೊರೆಯಲೇಬಾರದು, ಅದು ಪುಡಿಯಾಗುತ್ತದೆ. ತೂತಿಗೆ ಪೈಪನ್ನು ಸೋರದಂತೆ ಜೋಡಿಸುವ ಬಲ್ಕ್‌ಹೆಡ್ ಎಂಬ ಫಿಟಿಂಗಿನ ರಬ್ಬರ್ ವಾಷರ್ ನೀರಿರುವ ಒಳಬದಿಗೆ ಬರಬೇಕು. ತೊಟ್ಟಿ ತುಸು ಅಲುಗಿದರೂ ಗಾಜಿನ ಮೇಲೆ ಒತ್ತಡ ಬೀಳದಂತೆ ಪೈಪಿನ ನಡುವೆ ಮೆದು ಹೋಸಿನ ತುಂಡು ಸೇರಿಸಿದೆ.

ಕೊನೆಗೆ, ಕರೆಂಟ್ ಹೋದರೆ ಮೇಲಿನಿಂದ ಎಷ್ಟು ನೀರಿಳಿಯುವುದೆಂದು ನೋಡಲು ಪಂಪ್ ಆರಿಸಿದೆ. ಸಂಪಿನ ನೀರು ಅಂಚಿಗಿಂತ 2 ಇಂಚು ಕೆಳಗೆ ನಿಂತಿತು.